ಅಡಮಂಟ್ ನೆಬೀಸಳಿಗೊಂದು ಹೇಳಿಕೆ

ಅರಂತೋಡು ಪೇಟೆಯಲ್ಲಿ ನಿಂತು ನೆಬೀಸ ಎಲ್ಲಿ ಎಂದು ಕೇಳಿದರೆ ಯಾವ ನೆಬೀಸ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಟೈಲರ್ ನೆಬೀಸ ಎಂದರೂ ಒಂದು ಗಳಿಗೆ ಯೋಚಿಸುತ್ತಾರೆ. ಅಡಮಂಟ್ ನೆಬೀಸ ಎಂದರೆ ಮಾತ್ರ ಹೋಟೆಲಿನ ಗಲ್ಲಾದಲ್ಲಿ ಕೂತವರೂ ಕೈ ಎತ್ತಿ ರಸ್ತೆಬದಿಯ ಅವಳ ಅಂಗಡಿ ತೋರಿಸುತ್ತಾರೆ. ಇದು ಯಾರೋ ಕುಹಕಿಗಳು ಇಟ್ಟ ಅಡ್ಡಹೆಸರಲ್ಲ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಇಂಗ್ಲಿಷ್ ಮಾಷ್ಟ್ರು ಚನಿಯಪ್ಪನವರು ಇಡೀ ಕ್ಲಾಸಿನ ಎದುರು ಕೈಯೆತ್ತಿ ಕೊಟ್ಟದ್ದು.

ಚನಿಯಪ್ಪ ಮಾಷ್ಟ್ರದ್ದು ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಕ್ರಮ. ಅವರ ಕ್ಲಾಸಿನ ಮಕ್ಕಳು ಮನೆಯಲ್ಲಿ ಬ್ಯಾರಿಯೋ ಅರೆಭಾಷೆಯೋ ಮಾತಾಡಿ, ದಾರಿಯಲ್ಲಿ ತುಳುವಿನಲ್ಲಿ ಜಗಳ ಮಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಉತ್ತರ ಹೇಳುವವರು. ಇಂಗ್ಲಿಷ್ ಎಂದರೆ ಅವರಿಗೆ ಪರರ ಮನೆಯ ನಾಯಿ. ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಮಾಷ್ಟ್ರು ಒಂದು ಉಪಾಯ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ಇಂಗ್ಲಿಷ್ ಪದ ಕೊಟ್ಟು, "ಇದು ನಿಮ್ಮದು. ದನ ಸಾಕಿದ ಹಾಗೆ ಸಾಕಿ. ಹೊರಗೆ ಮೇಯ್ಲಿಕ್ಕೆ ಬಿಡದಿದ್ರೆ ಸಾಯ್ತದೆ" ಎಂದರು. ಎಲ್ಲವೂ ಮನುಷ್ಯರ ಗುಣ ಹೇಳುವ ಪದಗಳು. ಆಮೇಲೆ ಬಸ್ಸಿನಲ್ಲಿ ಸಿಗಲಿ, ಸಂತೆಯಲ್ಲಿ ಸಿಗಲಿ, ಉರೂಸಿನಲ್ಲಿ ಸಿಗಲಿ, ಮಾಷ್ಟ್ರು ನಿಮ್ಮ ಪದ ಕೂಗುತ್ತಿದ್ದರು, ನೀವು ಅಲ್ಲೇ ನಿಂತು ಒಂದು ವಾಕ್ಯ ಹೇಳಬೇಕಿತ್ತು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವ ಹಾಗಿಲ್ಲ. ಗೈಡಿನಲ್ಲಿರುವ ರಾಮ, ರಾವಣ, ಹರಿಶ್ಚಂದ್ರರನ್ನು ಮುಟ್ಟುವ ಹಾಗೂ ಇಲ್ಲ. ಕಣ್ಣೆದುರು ಇರುವ, ಉಸಿರಾಡುವ ಮನುಷ್ಯರ ಮೇಲೆಯೇ ವಾಕ್ಯ ಆಗಬೇಕು, ಮತ್ತು ಅದು ನಿಜ ಇರಬೇಕು.

ಕುಮುದಿನಿಗೆ ಸಿಕ್ಕಿದ್ದು ಜೆನರಸ್. ಮನೆಯಲ್ಲಿ ಮರ ತುಂಬ ನೆಲ್ಲಿಕಾಯಿ ಇದ್ದರೂ ಒಂದನ್ನು ಇನ್ನೊಬ್ಬರ ಕೈಗೆ ಹಾಕುವ ಜನ ಅಲ್ಲ ಅವಳು. ತೀರ್ಥರಾಮನಿಗೆ ಎನರ್ಜೆಟಿಕ್ ಸಿಕ್ಕಿತ್ತು. ಅವನು ಮೂರು ವರ್ಷ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡಿ ಪಾಸಾದ. ಇವರನ್ನು ನೋಡಿ ನೆಬೀಸ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದಳು. ತನ್ನ ಪದದ ವಿಷಯಕ್ಕೆ ಮಾತ್ರ ನಗು ಬರುತ್ತಿರಲಿಲ್ಲ.

ಅಡಮಂಟ್ ಎಂದರೆ ಏನು ಎಂದು ಮಾಷ್ಟ್ರು ಬಿಡಿಸಿ ಹೇಳಿದ್ದರು. ಹಿಡಿದದ್ದನ್ನು ಬಿಡದವ, ಜಪ್ಪಯ್ಯ ಎಂದರೂ ಬಗ್ಗದವ. "ಕಲ್ಲಿಗೆ ಈ ಪದ ಹಾಕ್ಬೇಡಿ. ಕಲ್ಲು ಬರೀ ಗಟ್ಟಿ. ಬೇಡ ಅಂತ ಹೇಳ್ಲಿಕ್ಕೆ ಬಾಯಿ ಇರುವವರಿಗೆ ಮಾತ್ರ ಇದು." ಆ ದಿನ ನೆಬೀಸ ಮನೆಗೆ ಹೋಗಿ ಅತ್ತಿದ್ದಳು. ಕುಮುದಿನಿಗೆ ಅಷ್ಟು ಚಂದದ್ದು, ತನಗೆ ಇಂಥದ್ದು! ನಾಲ್ಕು ದಿನ ಕಳೆದ ಮೇಲೆ ಅಳು ನಿಂತು ಅದರ ಜಾಗದಲ್ಲಿ ಒಂದು ಬಗೆಯ ಹೆಮ್ಮೆ ಬಂದು ಕೂತಿತು. ಉಮ್ಮನಿಗೂ ಉಪ್ಪನಿಗೂ ಕಾಣದ ಏನನ್ನೋ ಮಾಷ್ಟ್ರು ತನ್ನ ಮುಖ ನೋಡಿಯೇ ಕಂಡುಹಿಡಿದಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಹದಿಮೂರು ವರ್ಷದ ಹುಡುಗಿ. ಅಲ್ಲಿಯವರೆಗೆ ಅವಳನ್ನು ಯಾರೂ ಹಾಗೆ ಬೇರೆಯಾಗಿ ನೋಡಿರಲಿಲ್ಲ.

"ಅಡಮಂಟ್!" ಎಂದು ಮಾಷ್ಟ್ರು ಮೊದಲ ಸಲ ಕೂಗಿದಾಗ ಅವಳು ಎದ್ದು ನಿಂತು, "ಮೈ ಫಾದರ್ ಈಸ್ ಅಡಮಂಟ್" ಎಂದಿದ್ದಳು.

"ಎಬೌಟ್ ವಾಟ್?" ಮಾಷ್ಟ್ರು ಬಿಡಬೇಕಲ್ಲ. ಯಾವುದಕ್ಕೆ ಎಂದು ಹೇಳದಿದ್ದರೆ ಅವರ ಲೆಕ್ಕದಲ್ಲಿ ವಾಕ್ಯ ಮುಗಿಯುತ್ತಿರಲಿಲ್ಲ.

"ಎಬೌಟ್ ಬ್ಲ್ಯಾಕ್ ಟೀ, ಸರ್." ಕ್ಲಾಸಿಗೆ ಕ್ಲಾಸೇ ನಕ್ಕಿತು. ಆದರೆ ಅದು ನಿಜವಾಗಿತ್ತು, ಅವಳ ಉಪ್ಪ ಹಾಲು ಹಾಕಿದ ಚಾ ಮುಟ್ಟುತ್ತಿರಲಿಲ್ಲ.

ಅಲ್ಲಿಂದ ಶುರುವಾದ ವಾಕ್ಯಗಳು ನಿಲ್ಲಲೇ ಇಲ್ಲ. ಬಸ್ಸಿನಲ್ಲಿ ಸಿಕ್ಕಾಗ ಚಿಲ್ಲರೆಯ ವಿಷಯದಲ್ಲಿ ಜಗ್ಗದ ಕಂಡಕ್ಟರ್, ಮಸೀದಿಯ ಎದುರು ಸಿಕ್ಕಾಗ ಮಕ್ಕಳ ಉಗುರಿನ ವಿಷಯದಲ್ಲಿ ಜಗ್ಗದ ಉಸ್ತಾದರು. ಅವಳ ಮದುವೆಯ ದಿನ ಮಾಷ್ಟ್ರು ಹೆಂಗಸರ ಕಡೆಯ ಬಾಗಿಲಲ್ಲಿ ನಿಂತು ಮೆಲ್ಲಗೆ "ಅಡಮಂಟ್" ಎಂದಾಗ, ತಲೆ ತಗ್ಗಿಸಿ ಕೂತಿದ್ದ ಮದುಮಗಳು ತುಟಿ ಅಲ್ಲಾಡಿಸದೆ, "ದ ಫೋಟೋಗ್ರಾಫರ್ ಈಸ್ ಅಡಮಂಟ್ ಎಬೌಟ್ ಮೈ ಸ್ಮೈಲ್" ಎಂದಿದ್ದಳು. ಆ ಫೋಟೋದಲ್ಲಿ ಅವಳ ನಗು ಈಗಲೂ ಉಂಟು. ಆ ನಗು ಫೋಟೋಗ್ರಾಫರನಿಗಾಗಿ ಬಂದದ್ದಲ್ಲ ಎಂದು ಗೊತ್ತಿರುವುದು ಇಬ್ಬರಿಗೇ.

ಪದ ಸಾಕುತ್ತ ಸಾಕುತ್ತ ನೆಬೀಸ ಅದರ ಹಾಗೆಯೇ ಆದಳು. ಹಬ್ಬದ ಮುನ್ನಾದಿನ ತಂದ ಬಟ್ಟೆ ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ, ಪಂಚಾಯತ್ ಪ್ರೆಸಿಡೆಂಟರ ಹೆಂಡತಿ ತಂದರೂ ಅಷ್ಟೇ. ಗಂಡ ಸಮದ್ ಪಾಪದ ಮನುಷ್ಯ, ಜಗಳ ಶುರುವಾಗುವ ಮೊದಲೇ ಸೋತು ಚಾ ಕುಡಿಯಲು ಹೋಗುತ್ತಿದ್ದ. "ನಂದು ಹುಟ್ಟುಗುಣ. ಮಾಷ್ಟ್ರು ಅವತ್ತೇ ನೋಡಿ ಹೇಳಿದ್ದಾರೆ" ಎಂದು ಅವಳು ಹೇಳಿದರೆ ಮುಗಿಯಿತು, ಮೇಲೆ ಅಪೀಲಿಲ್ಲ.

ಆ ಗುಣ ಹೋಗಿ ಹೋಗಿ ಅಣ್ಣನಿಗೇ ತಾಗಿತು.

ಅಣ್ಣ ರವೂಫ್ ಅವಳಿಗಿಂತ ಐದಾರು ವರ್ಷ ದೊಡ್ಡವ, ಅವಳ ಬಾಯಲ್ಲಿ ಕಾಕ. ಏಳನೆಯಲ್ಲೇ ಶಾಲೆ ಬಿಟ್ಟು ಲಾರಿ ಕ್ಲೀನರ್ ಆಗಿದ್ದವ, ಆಮೇಲೆ ದಮ್ಮಾಮಿಗೆ ಹೋದ. ಅವನು ಅಲ್ಲಿದ್ದಷ್ಟು ಕಾಲ ಅವನ ಮಗಳು ರಿಝ್ವಾನಾ ಬೆಳೆದದ್ದು ನೆಬೀಸಳ ಹೊಲಿಗೆ ಮೆಷಿನಿನ ಬುಡದಲ್ಲಿ. ಶಾಲೆ ಬಿಟ್ಟು ಸೀದಾ ಅಂಗಡಿಗೆ ಬಂದು, ತುಂಡುಬಟ್ಟೆಯ ರಾಶಿಯ ಮೇಲೆ ಮಲಗಿಬಿಡುತ್ತಿತ್ತು ಮಗು. ಅದರ ಮೊದಲ ಫ್ರಾಕಿನಿಂದ ಕಾಲೇಜಿನ ಚೂಡಿದಾರದವರೆಗೆ ಎಲ್ಲ ಹೊಲಿದದ್ದು ನೆಬೀಸಳೇ. "ನನ್ನ ಮದುವೆದೂ ನೀವೇ ಹೊಲೀಬೇಕು ಮಾಮಿ" ಎಂದು ಅದು ಹೇಳದ ದಿನವಿಲ್ಲ.

ರವೂಫ್ ಊರಿಗೆ ವಾಪಸು ಬಂದು ಸಂಪಾಜೆಯಲ್ಲಿ ರಸ್ತೆಯ ಬದಿಗೆ ಮನೆ ಕಟ್ಟಿಸಿದ. ಆಗ ಬಂತು ನೋಡಿ ಹೇಳಿಕೆಯ ಪ್ರಶ್ನೆ. ನಮ್ಮ ಕಡೆ ಹೇಳಿಕೆ ಎಂದರೆ ಪೇಪರಿನಲ್ಲಿ ಮಂತ್ರಿಗಳು ಕೊಡುವಂಥದ್ದಲ್ಲ. ಮದುವೆಗೋ, ಒಕ್ಕಲು ಎನ್ನುವ ಗೃಹಪ್ರವೇಶಕ್ಕೋ ಬಾಗಿಲಿಗೆ ಬಂದು, ಕೂತು, ಒಂದು ಗ್ಲಾಸು ಶರಬತ್ತೋ ಬೆಲ್ಲ ನೀರೋ ಕುಡಿದು, ಬರಲೇಬೇಕು ಎಂದು ಬಾಯಿ ತುಂಬ ಕರೆಯುವುದು. ಜಾತಿ ಯಾವುದಾದರೂ ಕ್ರಮ ಒಂದೇ. ಬರೀ ಕಾರ್ಡು ಕಳಿಸಿದರೆ ಅರ್ಧ ಹೇಳಿಕೆ, ಫೋನಿನಲ್ಲಿ ಹೇಳಿದರೆ ಕಾಲು, ವಾಟ್ಸಾಪಿನಲ್ಲಿ ಬಂದದ್ದು ಲೆಕ್ಕಕ್ಕೇ ಇಲ್ಲ. ರವೂಫ್ ಅರಂತೋಡಿನ ಮನೆಮನೆಗೆ ಹೋಗಿ ಹೇಳಿಕೆ ಹೇಳಿದ. ಕುಮುದಿನಿಯ ಮನೆಗೆ ಹೋದ. ಅವನ ಮನೆಯ ಕಿಟಕಿಗೆ ಚಿಲಕ ಇಟ್ಟ ಆಚಾರಿಯ ಮನೆಗೂ ಹೋದ. ತಂಗಿಗೆ ಮಾತ್ರ ಫೋನು ಮಾಡಿದ.

"ನೆಬೀಸ, ಬರುವ ಶುಕ್ರವಾರ ಒಕ್ಕಲು. ಎರಡು ದಿನ ಮೊದಲೇ ಬಾ" ಎಂದ. ಮನೆಯಲ್ಲಿ ಅವರು ಮಾತಾಡುವುದು ಬ್ಯಾರಿಯಲ್ಲಿ. ಆ ಸಲಿಗೆಯನ್ನು ಕನ್ನಡದಲ್ಲಿ ಇಷ್ಟೇ ಹಿಡಿಯಲು ಸಾಧ್ಯ.

"ಹೇಳಿಕೆಗೆ ಬರುದಿಲ್ವಾ ಕಾಕ?"

"ನಿಂಗೆಂತ ಹೇಳಿಕೆ? ನೀನು ಮನೆಯವಳಲ್ವಾ?" ಎಂದು ನಕ್ಕು ಫೋನು ಇಟ್ಟ.

ಅವನ ಮಟ್ಟಿಗೆ ಅದು ಪ್ರೀತಿಯ ಮಾತು. ಅವಳಿಗೆ ಅದು ನೆಟ್ಟಗೆ ಎದೆಗೆ ಬಿತ್ತು. ಚಿಲಕದ ಆಚಾರಿಗಿರುವ ಮರ್ಯಾದೆ ತನಗಿಲ್ಲವೇ? ಉಮ್ಮ ಕದೀಜಮ್ಮ ಬದುಕಿದ್ದರೆ ಇವನು ಹೀಗೆ ಮಾಡುತ್ತಿದ್ದನೇ? ಶುಕ್ರವಾರ ಅವಳು ಹೋಗಲಿಲ್ಲ, ಸಮದನನ್ನೂ ಬಿಡಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಸೂಜಿಗೆ ನೂಲು ಹಾಕದೆ ಮೆಷಿನು ತುಳಿಯುತ್ತ ಕೂತಳು. ಅತ್ತ ರವೂಫ್ ತಂಗಿಗಾಗಿ ಕಾದು, ಸಂಜೆಯ ಅಸರ್ ನಮಾಜಿನ ತನಕ ಊಟಕ್ಕೆ ಕೂರದೆ, ಕೊನೆಗೆ ಬಟ್ಟಲ ಎದುರು ಅತ್ತನಂತೆ. ಇವಳಿಗೆ ಅದನ್ನು ಯಾರೋ ಬಂದು ಹೇಳಿದರು. "ಬಂದು ಕರೆಯಲಿ, ಹೋಗ್ತೇನೆ. ಐ ಆಮ್ ಅಡಮಂಟ್" ಎಂದಳು. ಅವನಿಗೂ ಸಿಟ್ಟು ಬಂತು. ಹೀಗೆ ಏಳು ವರ್ಷ.

ಇವತ್ತಿನ ಸಂಕಟ ಏನೆಂದರೆ ರಿಝ್ವಾನಾಳ ನಿಕಾಹ್ ಮುಂದಿನ ಆದಿತ್ಯವಾರ.

ಹುಡುಗಿ ಫೋನು ಮಾಡಿ ಅತ್ತಿತ್ತು. "ಮಾಮಿ, ನೀವು ಬರದಿದ್ರೆ ನನ್ನ ತಲೆಗೆ ಹೂ ಮುಡಿಸುದು ಯಾರು?" ಆದರೂ ನೆಬೀಸಳ ಬಾಯಿಗೆ ಬಂದದ್ದು ಅದೇ ಮಾತು: "ನಿನ್ನ ಉಪ್ಪ ಬಂದು ಹೇಳ್ಲಿ." ಮದುವೆಯ ಉಡುಪು ಮಂಗಳೂರಿನ ಶೋರೂಮಿನಿಂದ ತಂದರು ಎಂಬ ಸುದ್ದಿಯೂ ಬಂತು. ಆ ದಿನ ಅವಳು ಅಳತೆ ತಪ್ಪಿ ಒಬ್ಬರ ರವಿಕೆ ಕೆಡಿಸಿದಳು. ಅಷ್ಟು ವರ್ಷದ ಕಸುಬಿನಲ್ಲಿ ಹಾಗಾದದ್ದೇ ಇಲ್ಲ.

ಮಂಗಳವಾರ ಬೆಳಿಗ್ಗೆ ರವೂಫನ ಕಾರು ಅರಂತೋಡಿಗೆ ಬಂತು. ಕಾರ್ಡುಗಳ ಕಟ್ಟು ಹಿಡಿದು ಇಳಿದವನು ಒಂದೊಂದೇ ಅಂಗಡಿ ಹತ್ತಿ ಇಳಿದು, ನೆಬೀಸಳ ಅಂಗಡಿಗೆ ಸರೀ ಎದುರಿರುವ ಕುಮುದಿನಿಯ ಫ್ಯಾನ್ಸಿ ಅಂಗಡಿಗೆ ಹೋದ. ಬಳೆಯ ಸ್ಟ್ಯಾಂಡಿನ ಸಂದಿಯಿಂದ ಅವನ ಬಿಳಿ ಅಂಗಿ ಇವಳಿಗೆ ಕಾಣುತ್ತಿತ್ತು. ಕೂದಲೆಲ್ಲ ಹಣ್ಣಾಗಿದೆ. ಯಾವಾಗ ಇಷ್ಟು ಹಣ್ಣಾಯಿತು? ನೆಬೀಸ ಎದ್ದು, ತಲೆಯ ಶಾಲು ಸರಿ ಮಾಡಿ, ಗಿರಾಕಿಗಳ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ಸಮದನಿಗೆ, "ಎರಡು ಲಿಂಬೆ ಶರಬತ್ತು ಹೇಳಿ ಬನ್ನಿ" ಎಂದಳು. ಅವನು ಓಡಿದ.

ರವೂಫ್ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತ. ಇವಳ ಬೋರ್ಡು ನೋಡಿದ, ಬಾಗಿಲು ನೋಡಿದ. ಮಡಿಕೇರಿ ಕಡೆಯಿಂದ ಒಂದು ಲಾರಿ ಬಂತು, ಹೋಯಿತು. ಅದು ಹೋದ ಮೇಲೂ ಅವನು ದಾಟಲಿಲ್ಲ. ಕಾರ್ಡಿನ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ತಿರುಗಿ, ಕಾರು ಹತ್ತಿ ಹೋದ.

ಶರಬತ್ತು ಬಂತು. ನೆಬೀಸ ಎರಡು ಗ್ಲಾಸನ್ನೂ ಅಂಗಡಿಯ ಮೆಟ್ಟಿಲ ಬದಿಗೆ ಚೆಲ್ಲಿದಳು. ಸಿಟ್ಟು ಬಂದಿದೆ ಎಂದೇ ಅವಳು ತಿಳಿದಳು. ಅದು ಸಿಟ್ಟಾಗಿರಲಿಲ್ಲ, ಶುದ್ಧ ಹೆದರಿಕೆ. ಆದಿತ್ಯವಾರ ಬಂದು ಹೋಗುತ್ತದೆ, ಹುಡುಗಿ ಗಂಡನ ಮನೆ ಸೇರುತ್ತಾಳೆ, ಆಮೇಲೆ ಈ ಜಗಳ ಬಿಡಿಸಲು ಯಾವ ನೆಪವೂ ಉಳಿಯುವುದಿಲ್ಲ.

ಮಧ್ಯಾಹ್ನ ಕುಮುದಿನಿ ರಸ್ತೆ ದಾಟಿ ಬಂದಳು. "ಹೊರಡು ಮಾರಾಯ್ತಿ, ಗುತ್ತಿಗಾರಿಗೆ ಹೋಗಿ ಬರುವ. ಚನಿಯಪ್ಪ ಮಾಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿದೆಯಂತೆ."

"ನಂಗೆ ಕೆಲಸ ಉಂಟು."

"ಬೆಳಗ್ಗಿಂದ ಒಂದೇ ಬಟ್ಟೆಗೆ ಕತ್ತರಿ ಹಿಡ್ಕೊಂಡು ಕೂತಿದ್ದಿ. ನಾನು ಆ ಕಡೆಯಿಂದ ನೋಡ್ತಾ ಇಲ್ವಾ? ಹತ್ತು ಸ್ಕೂಟರಿಗೆ. ಪೆಟ್ರೋಲು ನಂದೇ." ಕುಮುದಿನಿಯ ಬಾಯಲ್ಲಿ ಇಂಥ ಮಾತು ಬರುವುದೆಂದರೆ ವಿಷಯ ಗಂಭೀರವೇ ಇರಬೇಕು. ನೆಬೀಸ ಹತ್ತಿದಳು. ಅವಳ ಮನಸ್ಸಿನಲ್ಲಿಯೂ ಒಂದು ಲೆಕ್ಕವಿತ್ತು. ಊರೆಲ್ಲ ತನ್ನದೇ ತಪ್ಪು ಎನ್ನುತ್ತಿದೆ, ಮಾಷ್ಟ್ರಾದರೂ ಹಾಗೆ ಹೇಳಲಾರರು. ಈ ಪದ ಕೊಟ್ಟವರಲ್ಲವೇ?

ಮರ್ಕಂಜ, ಎಲಿಮಲೆ ದಾಟಿ ಗುತ್ತಿಗಾರು ಮುಟ್ಟುವಾಗ ಬಿಸಿಲು ಇಳಿಯತೊಡಗಿತ್ತು. ಮಾಷ್ಟ್ರ ಮನೆಯ ಅಂಗಳದಲ್ಲಿ ರಬ್ಬರ್ ಶೀಟುಗಳು ಒಣಗುತ್ತಿದ್ದವು, ಬೇಲಿಯಾಚೆ ಆನೆ ಮುರಿದು ಹಾಕಿದ ಬಾಳೆಗಿಡಗಳು ಬಿದ್ದಲ್ಲೇ ಇದ್ದವು. ಮಾಷ್ಟ್ರು ಕಪ್ಪು ಕನ್ನಡಕ ಹಾಕಿ ಜಗಲಿಯ ಚಿಟ್ಟೆಯ ಮೇಲೆ ಕೂತಿದ್ದರು.

"ಸ್ಕೂಟರಿನ ಸದ್ದು ಯಾರ್ದು?"

"ನಾನು ಸರ್, ಜೆನರಸ್."

"ಓ! ಕೈಯಲ್ಲಿ ಎಂತಾದ್ರೂ ತಂದಿದ್ದಿಯಾ, ಅಲ್ಲ ಖಾಲಿ ಕೈಯಾ?"

ಕುಮುದಿನಿ ಎರಡು ಕಿತ್ತಳೆ ತಂದಿದ್ದಳು. ಮಾಷ್ಟ್ರು ಅದನ್ನು ಮುಟ್ಟಿ ನೋಡಿ, ಪ್ರಪಂಚ ಬದಲಾಗುತ್ತಿದೆ ಎಂದು ನಕ್ಕರು. "ಜೊತೆಗೆ ಇನ್ನೊಬ್ಬರು ಇದ್ದಾರಲ್ಲ. ಮಾತಾಡುದಿಲ್ಲ. ಅಡಮಂಟಾ?"

"ಹೌದು ಸರ್" ಎಂದಳು ನೆಬೀಸ. ಅವಳ ಕಣ್ಣು ಸುಮ್ಮನೆ ತುಂಬಿ ಬಂತು. ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿದು ಓಡಾಡುತ್ತಿದ್ದ ಮನುಷ್ಯ ಈಗ ಗೋಡೆ ಹಿಡಿದು ಏಳುತ್ತಾರೆ. ಹಂಚಿನ ಸಂದಿಯಿಂದ ಬಿಸಿಲು ಬೀಳುತ್ತಿದ್ದ ಆ ಕ್ಲಾಸು, ಮಧ್ಯಾಹ್ನದ ಬುತ್ತಿಯಲ್ಲಿ ಒಬ್ಬರದ್ದೊಬ್ಬರು ಕದಿಯುತ್ತಿದ್ದ ಉಪ್ಪಿನಕಾಯಿ, ಬೆಲ್ಲು ಹೊಡೆದರೂ ವಾಕ್ಯ ಮುಗಿಯದೆ ಯಾರನ್ನೂ ಬಿಡದ ಈ ಮಾಷ್ಟ್ರು. ಎಲ್ಲ ನಿನ್ನೆ ಮೊನ್ನೆಯ ಹಾಗೆ ಇದೆ. ತಾನು ಮಾತ್ರ ಐವತ್ತು ದಾಟಿದ್ದೇನೆ.

"ಹಾಗಾದ್ರೆ ಹೇಳು ವಾಕ್ಯ."

ಅವಳು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದದ್ದು ಬೇರೆ. ಬಾಯಿಗೆ ಬಂದದ್ದು ಬೇರೆ. "ಐ ಆಮ್ ಅಡಮಂಟ್."

ಇಷ್ಟು ವರ್ಷ ಯಾರ್ಯಾರ ಮೇಲೋ ವಾಕ್ಯ ಮಾಡಿದವಳು ಮಾಷ್ಟ್ರ ಎದುರು ತನ್ನ ಮೇಲೆ ಮಾಡಿದ್ದು ಅದೇ ಮೊದಲು. ಅವರು ಕಾದರು. ಆಮೇಲೆ ಕೇಳಿಯೇ ಕೇಳಿದರು: "ಎಬೌಟ್ ವಾಟ್?"

ನೆಬೀಸಳಿಗೆ ಉತ್ತರ ಗೊತ್ತಿತ್ತು. ಹೇಳಿಕೆಯ ವಿಷಯದಲ್ಲಿ. ಒಂದು ಗ್ಲಾಸು ಶರಬತ್ತಿನ ವಿಷಯದಲ್ಲಿ. ಅದನ್ನು ಇಂಗ್ಲಿಷಿಗೆ ಹಾಕಿ ಜೋರಾಗಿ ಹೇಳುವುದನ್ನು ನೆನೆದೇ ಅವಳಿಗೆ ನಾಚಿಕೆಯಾಯಿತು. ಕುಮುದಿನಿಯೇ ಇಡೀ ಕಥೆ ಒದರಿಬಿಟ್ಟಳು, ಒಕ್ಕಲಿನ ಫೋನಿನಿಂದ ಇವತ್ತು ಬೆಳಿಗ್ಗೆ ಕಾರು ಹತ್ತಿ ಹೋದವರೆಗೆ.

"ನನ್ನ ಗುಣವೇ ಹಾಗೆ ಅಲ್ವಾ ಸರ್?" ನೆಬೀಸ ಕೊನೆಗೆ ಬಾಯಿ ಬಿಟ್ಟಳು. "ನೀವು ಅವತ್ತೇ ಮುಖ ನೋಡಿ ಈ ಪದ ಕೊಟ್ಟಿದ್ದೀರಿ."

"ಮುಖ ನೋಡಿಯಾ?" ಮಾಷ್ಟ್ರು ಕನ್ನಡಕ ತೆಗೆಯಲು ಹೋಗಿ, ಡಾಕ್ಟರು ಹೇಳಿದ್ದು ನೆನಪಾಗಿ ಬಿಟ್ಟರು. "ಯಾವ ಮುಖ ಮಾರಾಯ್ತಿ? ನಾನು ಆ ಶಾಲೆಗೆ ಬಂದು ಒಂದು ವಾರ ಆಗಿರ್ಲಿಲ್ಲ. ನಿಮ್ಮಲ್ಲಿ ಹೆಚ್ಚಿನವರ ಹೆಸರು ಸಹಾ ಗೊತ್ತಿರ್ಲಿಲ್ಲ. ಹಳೇ ಡಿಕ್ಷನರಿ ಒಂದಿತ್ತು. ಮೊದ್ಲಿಂದ ಬೆರಳಿಡ್ತಾ ಹೋದೆ. ಆಬ್ಸೆಂಟ್ ಸಿಕ್ಕಿತು, ಅದನ್ನು ಬಿಟ್ಟೆ, ಕೊಟ್ರೆ ನೀವು ಅದನ್ನೇ ಮಾಡ್ತಿದ್ರಿ. ಆಮೇಲೆ ಸಿಕ್ಕಿದ್ದು ಅಡಮಂಟ್. ನೀವು ಶಾಲೆಗೆ ಹೆಸರು ಬರೆಸಿದ ಕ್ರಮದಲ್ಲಿ ಸಾಲು ನಿಲ್ಲಿಸಿ ಹಂಚ್ತಾ ಹೋದೆ, ಸೊಸೈಟಿಯಲ್ಲಿ ಅಕ್ಕಿ ಅಳೆದು ಕೊಟ್ಟ ಹಾಗೆ. ಸಾಲಿನಲ್ಲಿ ಮೊದ್ಲು ನಿಂತವಳು ನೀನು. ಮೊದ್ಲನೇ ಪದ ನಿಂಗೆ ಬಂತು, ಅಷ್ಟೇ."

ಕುಮುದಿನಿ ಪಕ್ಕನೆ ನಕ್ಕಳು. ನೆಬೀಸ ನಗಲಿಲ್ಲ. ಅವಳಿಗೆ ಕಾಲಡಿಯ ಮೆಟ್ಟಿಲು ಜಾರಿದ ಹಾಗಾಯಿತು. ಹುಟ್ಟುಗುಣ ಎಂದು ಊರೆಲ್ಲ ಹೇಳಿಕೊಂಡು ಬಂದದ್ದು, ಗಂಡನನ್ನು ಗದರಿದ್ದು, ಅಣ್ಣನ ಮನೆ ಬಿಟ್ಟದ್ದು, ಎಲ್ಲ ಸಾಲಿನಲ್ಲಿ ಮೊದಲು ನಿಂತದ್ದಕ್ಕೆ?

"ಮತ್ತೆ ನೀನು ಮೊದ್ಲು ನಿಂತದ್ದು ಯಾಕೆ ಅಂತ ಗೊತ್ತುಂಟಾ?" ಮಾಷ್ಟ್ರ ದನಿ ತಗ್ಗಿತು.

"ಕಾಕ ಬೆಳಿಗ್ಗೆ ಬೇಗ ಕರ್ಕೊಂಡು ಹೋಗಿದ್ದ. ಅವನಿಗೆ ಲಾರಿಗೆ ಹೋಗ್ಲಿಕ್ಕಿತ್ತು." ಅಷ್ಟು ಅವಳಿಗೆ ನೆನಪಿತ್ತು. ದಾರಿಯಲ್ಲಿ ಹೋಟೆಲಿನಲ್ಲಿ ಅವನು ಕೊಡಿಸಿದ ಬನ್ಸು, ಶಾಲೆಯ ಜಗಲಿಯಲ್ಲಿ ಅವನ ಭುಜಕ್ಕೆ ತಲೆ ಇಟ್ಟು ತೂಕಡಿಸಿದ್ದು.

"ಲಾರಿಗಲ್ಲ. ನಿನ್ನ ಉಪ್ಪ ಏಳುವ ಮೊದ್ಲು ಹೆಸರು ಬರೆಸ್ಲಿಕ್ಕೆ. ನಾನು ಬಾಗಿಲು ತೆಗೀಲಿಕ್ಕೆ ಬರುವಾಗ ನೀವಿಬ್ರು ಜಗಲಿಯಲ್ಲಿದ್ರಿ. ನಿಮ್ಮ ಉಪ್ಪನಿಗೆ ನಿನ್ನನ್ನು ಏಳಕ್ಕೆ ನಿಲ್ಲಿಸ್ಲಿಕ್ಕಿತ್ತು. ಸಂಜೆ ಅವರು ನಿನ್ನ ಹೆಸರು ತೆಗೆಸ್ಲಿಕ್ಕೆ ಅಂತ ಶಾಲೆಯ ಗೇಟಿಗೆ ಬಂದ್ರು. ನೀನು ಮನೆಗೆ ಹೋಗಿ ಆಗಿತ್ತು. ಅಷ್ಟರಲ್ಲಿ ರವೂಫ್ ಬಂದ, ಲಾರಿ ಬಿಟ್ಟು ಓಡಿಕೊಂಡು. ಗೇಟಿನಲ್ಲಿ ಅಡ್ಡ ನಿಂತ. ನನ್ನೆದುರೇ ನಿನ್ನ ಉಪ್ಪ ಅವನ ಕೆನ್ನೆಗೆ ಹೊಡೆದ್ರು. ಒಂದಲ್ಲ. ಹುಡುಗ ಕೈ ಎತ್ತಲಿಲ್ಲ, ಎದುರು ಮಾತಾಡ್ಲಿಲ್ಲ, ಗೇಟು ಬಿಡ್ಲಿಲ್ಲ. 'ನಾನು ಬಿಟ್ಟೆ, ಅವಳು ಬಿಡುದು ಬೇಡ' ಅಂತ ಅಷ್ಟೇ ಹೇಳ್ತಿದ್ದ. ಕೊನೆಗೆ ನಿನ್ನ ಉಪ್ಪನೇ ಸೋತು ಹೋದ್ರು."

ನೆಬೀಸ ಮಾಷ್ಟ್ರ ಹತ್ತಿರ ಬಂದು ಕೂತಳು.

"ಇದು ನೀವು ಯಾಕೆ ಹೇಳ್ಲಿಲ್ಲ ಸರ್?"

"ಅವನು ಬೇಡ ಅಂದ. ಉಪ್ಪನ ಮರ್ಯಾದೆ ಹೋಗ್ತದೆ, ಅವಳಿಗೆ ಗೊತ್ತಾಗುದು ಬೇಡ ಅಂದ. ಈಗ ನಿನ್ನ ಉಪ್ಪ ಇಲ್ಲ, ನಂಗೂ ದಿನ ಆಯ್ತು." ಮಾಷ್ಟ್ರು ಕಿತ್ತಳೆಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು, "ಆ ಪದವನ್ನು ಮನುಷ್ಯ ರೂಪದಲ್ಲಿ ನಾನು ಕಂಡದ್ದು ಅವತ್ತೊಂದು ದಿನ. ಅವನು ನನ್ನ ಕ್ಲಾಸಿನಲ್ಲಿ ಇರ್ಲಿಲ್ಲ. ಇದ್ದಿದ್ರೆ ಅದನ್ನು ಅವನಿಗೇ ಕೊಡ್ತಿದ್ದೆ."

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತ ನೆಬೀಸ ಅರಂತೋಡಿನ ಜಂಕ್ಷನ್ ಬಂದಾಗ ಕುಮುದಿನಿಯ ಹೆಗಲು ಹಿಡಿದು, "ಸಂಪಾಜೆಗೆ ಬಿಡು" ಎಂದಳು.

"ಹೇಳಿಕೆ ಇಲ್ಲದೆಯಾ?"

"ನಿನ್ನ ಬಾಯಿ ಮುಚ್ಚು."

ಕುಮುದಿನಿ ಬಾಯಿ ಮುಚ್ಚಿ ಸ್ಕೂಟರು ಎಡಕ್ಕೆ ತಿರುಗಿಸಿದಳು. ಹೆಲ್ಮೆಟಿನೊಳಗೆ ಅವಳೂ ಅಳುತ್ತಿದ್ದಳು ಎಂದು ಆಮೇಲೆ ಊರಿಗೆಲ್ಲ ಅವಳೇ ಹೇಳಿದ್ದು.

ರವೂಫನ ಮನೆಯ ಅಂಗಳದಲ್ಲಿ ಶಾಮಿಯಾನದ ಕಂಬಗಳು ರಾಶಿ ಬಿದ್ದಿದ್ದವು, ಪಿಕಪ್ಪಿನಿಂದ ಪ್ಲಾಸ್ಟಿಕ್ ಕುರ್ಚಿಗಳು ಇಳಿಯುತ್ತಿದ್ದವು. ನೆಬೀಸ ಗೇಟಿನಲ್ಲಿ ಇಳಿದು ಒಂದು ಕ್ಷಣ ನಿಂತಳು. ಅಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಓರೆಗಣ್ಣಿನಲ್ಲಿ ನೋಡಿದ ಮನೆ. ಹತ್ತಿರದಿಂದ ನೋಡಿದರೆ ಬಣ್ಣ ಹಸಿರಲ್ಲ, ನೀಲಿ.

ಲುಂಗಿ, ಬನಿಯನ್ನಿನಲ್ಲಿ ಕುರ್ಚಿ ಎಣಿಸುತ್ತಿದ್ದ ರವೂಫ್ ತಲೆ ಎತ್ತಿದ. ಎಣಿಕೆ ನಿಂತಿತು. ಆಮೇಲೆ ತಟ್ಟನೆ ತಿರುಗಿ, ಮೈಗೆ ಬೆಂಕಿ ಬಿದ್ದವನ ಹಾಗೆ ಒಳಗೆ ಓಡಿದ.

ಹೋದನಲ್ಲ, ಎಂದುಕೊಂಡಳು ನೆಬೀಸ. ಮುಖ ನೋಡಿಯೂ ಮಾತಾಡಿಸದೆ ಒಳಗೆ ಹೋದನಲ್ಲ. ಆದರೂ ಅವಳು ಹಿಂದೆ ತಿರುಗಲಿಲ್ಲ.

ಅವನು ಹೊರಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಗುಂಡಿ ಒಂದು ಮೇಲೆ ಕೆಳಗಾಗಿತ್ತು. ತಲೆಗೆ ಟೊಪ್ಪಿ ಇಟ್ಟಿದ್ದ. ಎರಡೂ ಕೈಯಲ್ಲಿ ಮದುವೆಯ ಕಾರ್ಡು ಹಿಡಿದು ಮೆಟ್ಟಿಲಿಳಿದು, ಅವಳ ಎದುರು ಬಂದು, ದೊಡ್ಡವರ ಮನೆಗೆ ಹೇಳಿಕೆಗೆ ಹೋದವರು ನಿಲ್ಲುವ ಹಾಗೆ ಸ್ವಲ್ಪ ಬಗ್ಗಿ ನಿಂತ.

"ಬರುವ ಆದಿತ್ಯವಾರ ನನ್ನ ಮಗಳ ನಿಕಾಹ್ ಇಟ್ಟುಕೊಂಡಿದ್ದೇವೆ" ಎಂದ. ದನಿ ಬಾಯಿಪಾಠ ಒಪ್ಪಿಸುವವನದ್ದು. "ನೀವೂ, ನಿಮ್ಮ ಮನೆಯವರೂ ಎಲ್ಲರೂ ಬಂದು ನಡೆಸಿಕೊಡಬೇಕು. ತಪ್ಪಿಸಬಾರದು."

ನೀವು. ಅಣ್ಣ ತಂಗಿಗೆ ನೀವು ಎನ್ನುವ ಕ್ರಮ ಬ್ಯಾರಿ ಮನೆಗಳಲ್ಲಿ ಎಲ್ಲೂ ಇಲ್ಲ. ಅವನು ಹಂಗಿಸುತ್ತಿದ್ದಾನೆಯೇ ಎಂದು ನೆಬೀಸ ಅವನ ಮುಖ ನೋಡಿದಳು. ಹಂಗಿಸುತ್ತಿರಲಿಲ್ಲ. ಒಂದಕ್ಷರ ಹೆಚ್ಚು ಕಡಿಮೆಯಾದರೆ ಇವಳು ಮತ್ತೆ ಹೋಗಿಬಿಟ್ಟಾಳು ಎಂಬ ಭಯ ಆ ಮುಖದಲ್ಲಿತ್ತು. ಅಂದು ಗೇಟಿನಲ್ಲಿ ಉಪ್ಪನ ಹೊಡೆತ ತಿಂದು ಅಲುಗಾಡದವನು ತನ್ನ ಎದುರು ಹೀಗೆ ಹೆದರಿ ನಿಂತಿದ್ದಾನೆ.

"ಬೆಳಿಗ್ಗೆ ನಿನ್ನ ಅಂಗಡಿ ಎದುರು ಬಂದಿದ್ದೆ" ಎಂದ ಅವನು, ಈಗ ಹಳೇ ದನಿಯಲ್ಲಿ. "ಒಬ್ಬನೇ ಬಂದು ಅಂಗಡಿಯಲ್ಲಿ ಹೇಳಿದ್ರೆ ಅದೂ ತಪ್ಪಾಗ್ತದಾ ಅಂತ ಆಯ್ತು. ನಾಳೆ ಇಬ್ರು ಹಿರಿಯರನ್ನು ಕರ್ಕೊಂಡು ಮನೆಗೇ ಬರುವ ಅಂತ ಇದ್ದೆ. ಅಷ್ಟರಲ್ಲಿ ನೀನೇ ಬಂದೆ. ಈಗ ಹೇಳಿದ್ದು ಸರಿಯಾಯ್ತಾ?"

ಏಳು ವರ್ಷ ಅವಳು ಕಾದದ್ದು ಇದೇ ಹೇಳಿಕೆಗೆ. ಬಾಯಿ ತುಂಬ, ಬಗ್ಗಿ ನಿಂತು, ಎರಡೂ ಕೈಯಲ್ಲಿ ಕಾರ್ಡು ಹಿಡಿದು. ಅದು ಈಗ ಬಂದಿತ್ತು, ಒಂದು ಕೂದಲಷ್ಟೂ ಕೊಂಕಿಲ್ಲದೆ ಬಂದಿತ್ತು. ಅದನ್ನು ಕೇಳಿ ನೆಬೀಸಳಿಗೆ ತಾನು ಈ ಮನೆಗೆ ಯಾರೂ ಅಲ್ಲವಾದ ಹಾಗಾಯಿತು. ಚಿಲಕ ಇಟ್ಟ ಆಚಾರಿಗೂ ಇವನು ಹೀಗೆಯೇ ಹೇಳಿರಬೇಕು, ಇದೇ ಮಾತು, ಇದೇ ಬಾಗು.

ಅವಳು ಕಾರ್ಡಿಗೆ ಕೈ ಚಾಚಲಿಲ್ಲ. ಅವನ ಅಂಗಿಯ ತಪ್ಪಿದ ಗುಂಡಿ ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ಕಣ್ಣೀರಿನಲ್ಲಿ ಗುಂಡಿ ಕಾಣುತ್ತಿರಲಿಲ್ಲ, ಕಸುಬಿನ ಕೈ ತಾನೇ ಹುಡುಕಿಕೊಂಡಿತು.

"ಇದನ್ನು ಯಾರಾದ್ರೂ ಹೊರಗಿನವರಿಗೆ ಕೊಡು ಕಾಕ" ಎಂದಳು. "ನಂಗೆ ಒಂದು ಫೋನು ಮಾಡಿದ್ರೆ ಸಾಕಿತ್ತು."

ಒಳಗಿನಿಂದ "ಮಾಮಿ!" ಎಂದು ರಿಝ್ವಾನಾ ಓಡಿ ಬರುವ ಸದ್ದು ಕೇಳಿತು. ರವೂಫ್ ಕಾರ್ಡನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ.

"ಮಾಡಿದ್ದೆನಲ್ಲ, ನೆಬೀಸ" ಎಂದ.